ಎಐ ಜಡ್ಜ್ ಬಂದ್ರೆ ನಮ್ಮ ಪಾಲಿನ ಕೇಸು ಬೇಗ ಮುಗಿಯುತ್ತಾ ಸಾರ್?

ಪ್ರಶ್ನೆ: ನಮ್ಮದು ಗುಬ್ಬಿ ಕಡೆ. ತಂದೆ 2001ರಲ್ಲಿ ತೀರ್ಕೊಂಡ್ರು, ತಾಯಿ ಅದಕ್ಕೂ ಮುಂಚೆ. ಪಿತ್ರಾರ್ಜಿತ ಜಮೀನು 4 ಎಕ್ರೆ 20 ಗುಂಟೆ, ಪಹಣಿ ಪೂರ್ತಿ ಅಣ್ಣನ ಹೆಸರಲ್ಲಿದೆ. ನಾನು 2016ರಲ್ಲಿ ಪಾಲು ಕೇಳಿ ದಾವೆ ಹಾಕಿದೀನಿ. ಅಕ್ಕಂದಿರಿಬ್ರಿಗೂ 1990ಕ್ಕೆ ಮುಂಚೆನೇ ಮದ್ವೆ ಆಗಿದೆ, 2006ರಲ್ಲಿ ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಾರೆ ಅಂತ ಅಣ್ಣ ಪತ್ರ ಹಾಜರು ಮಾಡಿದಾನೆ, ಅವರು ನಮಗೆ ಗೊತ್ತೇ ಇಲ್ಲ ಅಂತಾರೆ. ಮಧ್ಯದಲ್ಲಿ ದೊಡ್ಡಕ್ಕ ತೀರ್ಕೊಂಡ್ಲು. ವಾಯ್ದೆ ಮೇಲೆ ವಾಯ್ದೆ ಬೀಳ್ತಾನೇ ಇದೆ. ನನ್ನ ಮಗ ಸಾಫ್ಟ್‌ವೇರ್‌ನಲ್ಲಿದಾನೆ, ದಾವೆ ಪ್ರತಿ ಚಾಟ್‌ಜಿಪಿಟಿಗೆ ಹಾಕಿದ, ಎರಡೇ ನಿಮಿಷಕ್ಕೆ ಅರ್ಧ ನಿಮಗೆ ಬರುತ್ತೆ ಅಂತು. ಎಸ್ಟೋನಿಯಾ, ಚೀನಾದಲ್ಲಿ ಆಗ್ಲೇ ಎಐ ಜಡ್ಜ್ ಇದಾರಂತೆ. ಲಂಚ ಇಲ್ಲ, ರಜ ಇಲ್ಲ, ಜಾತಿ ಇಲ್ಲ. ತುಮಕೂರಿಗೆ ಯಾವಾಗ ಬರುತ್ತೆ? ಬಂದ್ರೆ ನಮ್ಮಂಥವರ ಕೇಸು ಬೇಗ ಮುಗಿಯುತ್ತಾ? ಆ ಪ್ರಿಂಟ್‌ಔಟ್ ಕೋರ್ಟಿಗೆ ಕೊಡಬಹುದಾ?

ಉತ್ತರ: ಮೊದ್ಲು ನೇರವಾಗಿ ಹೇಳ್ಬಿಡ್ತೀನಿ ಯಜಮಾನ್ರೆ, ಆಮೇಲೆ ವಿವರ. ತುಮಕೂರಿಗೆ ಎಐ ಜಡ್ಜ್ ಬರೋ ಲಕ್ಷಣ ಸದ್ಯಕ್ಕಿಲ್ಲ, ಬಂದ್ರೂ ನಿಮ್ಮ ಕೇಸು ಹೇಳ್ಕೊಳ್ಳೋಷ್ಟು ಬೇಗ ಮುಗಿಯಲ್ಲ, ಆ ಪ್ರಿಂಟ್‌ಔಟ್‌ನ ದಯವಿಟ್ಟು ಕೋರ್ಟಿಗೆ ಕೊಡಬೇಡಿ.

ನಾನು ತುಮಕೂರು ಕಡೆ ಸಿವಿಲ್ ಸೈಡ್ ಪ್ರಾಕ್ಟೀಸ್ ಮಾಡೋನು, ಪಾಲಿನ ಕೇಸು, ಒತ್ತುವರಿ, ಇಂಜಂಕ್ಷನ್ ಇವೇ ನನ್ನ ಅನ್ನ. ಹಾಗಾಗಿ ನಿಮ್ಮ ಕೇಸಲ್ಲಿ ಇಷ್ಟು ವರ್ಷ ಎಲ್ಲಿ ಹೋಗಿರುತ್ತೆ ಅಂತ ಫೈಲ್ ನೋಡದೇನೇ ಸುಮಾರಾಗಿ ಹೇಳಬಲ್ಲೆ. ದಾವೆ ಹಾಕಿದ್ರಿ, ಸಮನ್ಸ್ ಹೋಯ್ತು, ಸಮನ್ಸ್ ಮುಟ್ಟಿಸೋ ಅಮೀನ ಊರಿಗೆ ಹೋದಾಗ ಮನೆ ಬೀಗ ಹಾಕಿತ್ತು ಅಂತ ರಿಪೋರ್ಟ್ ಬಂತು, ಮುಂದಿನ ವಾಯ್ದೆ. ಮತ್ತೆ ಸಮನ್ಸ್, ಅಡ್ರೆಸ್ ಸರಿ ಇಲ್ಲ, ಮುಂದಿನ ವಾಯ್ದೆ. ಆಮೇಲೆ ಅಣ್ಣ ವಕೀಲರನ್ನ ಇಟ್ರು, ದಾವೆಗೆ ಉತ್ತರ, ಅಂದ್ರೆ ರಿಟನ್ ಸ್ಟೇಟ್‌ಮೆಂಟ್‌ಗೆ 30 ದಿನ, ಹೆಚ್ಚೂ ಅಂದ್ರೆ 90 ದಿನ ಅಂತ ಸಿವಿಲ್ ಕೇಸು ನಡೆಸೋ ಕಾನೂನಾದ ಸಿಪಿಸಿ ಹೇಳುತ್ತೆ, ಅದು ಕಾಸ್ಟ್ (ದಂಡ) ಕಟ್ಟಿಸ್ಕೊಂಡು ಇನ್ನೂ ಮುಂದಕ್ಕೆ ಹೋಯ್ತು. ಮಧ್ಯೆ ನೀವೊಂದು ಟಿಐ ಅರ್ಜಿ, ಅಂದ್ರೆ ತಾತ್ಕಾಲಿಕ ತಡೆ ಕೇಳೋ ಅರ್ಜಿ, ಹಾಕಿರ್ತೀರಿ, ಅದಕ್ಕೆ ತಕರಾರು, ಅದರ ಮೇಲೆ ವಾದ. ಇಶ್ಯೂಸ್ ಫ್ರೇಮ್, ಅಂದ್ರೆ ವಿವಾದದ ಅಂಶಗಳ ಪಟ್ಟಿ, ಆಗೋ ಹೊತ್ತಿಗೆ ದೊಡ್ಡಕ್ಕ ತೀರ್ಕೊಂಡ್ರು ಅಂತೀರಲ್ಲ, ಅವರ ವಾರಸುದಾರರನ್ನ 90 ದಿನದೊಳಗೆ ರೆಕಾರ್ಡಿಗೆ ತರಬೇಕು, ಎಲ್‌ಆರ್ ತರೋದು ಅಂತೀವಿ ನಾವು, ತಡ ಆದ್ರೆ ಅವರ ಮಟ್ಟಿಗೆ ಕೇಸು ಅಬೇಟ್ ಆಗುತ್ತೆ, ಅಂದ್ರೆ ಬಿದ್ದೋಗುತ್ತೆ, ಅದನ್ನ ರದ್ದು ಮಾಡಿಸೋಕೆ ಇನ್ನೊಂದು ಅರ್ಜಿ, ತಡವಾಗಿದ್ದಕ್ಕೆ ಮತ್ತೊಂದು ಅರ್ಜಿ, ಆಮೇಲೆ ಅವರ ಮಕ್ಕಳಿಗೆಲ್ಲ ಹೊಸದಾಗಿ ನೋಟಿಸು, ಮತ್ತೆ ಅದೇ ಅಮೀನ, ಅದೇ ಬೀಗ. ಇದರ ಮಧ್ಯೆ ಜಡ್ಜ್ ವರ್ಗ ಆಗಿ ಇನ್‌ಚಾರ್ಜ್ ಕೋರ್ಟಲ್ಲಿ ತಿಂಗಳುಗಟ್ಲೆ ಬರೀ ಡೇಟ್ ಕೊಡ್ತಾರೆ. ಪಾಟೀ ಸವಾಲಿನ ದಿನ ಒಬ್ಬ ವಕೀಲರಿಗೆ ಹೈಕೋರ್ಟ್ ಕೆಲಸ, ಇನ್ನೊಬ್ಬರಿಗೆ ಜ್ವರ. ಒಂದು ಕಡೆಯವರಿಗೆ ಮೂರಕ್ಕಿಂತ ಹೆಚ್ಚು ಸಲ ವಾಯ್ದೆ ಕೊಡಬಾರದು ಅಂತ ಸಿಪಿಸಿ ಆರ್ಡರ್ 17ರಲ್ಲಿ ಬರೆದಿದೆ, ಇದನ್ನ ಓದಿ ನಗಬೇಡಿ, ನಿಜವಾಗ್ಲೂ ಬರೆದಿದೆ.

ಇಷ್ಟೆಲ್ಲ ಮುಗಿದು ಎರಡೂ ಕಡೆ ವಾದ ಕೇಳಿದ ಮೇಲೆ ಜಡ್ಜ್ ಕೂತು ತೀರ್ಪು ಬರೀತಾರಲ್ಲ, ಅದಕ್ಕೆ ಕಾನೂನು ಕೊಟ್ಟಿರೋ ಟೈಮು ಎಷ್ಟು ಗೊತ್ತಾ, ಸಾಮಾನ್ಯವಾಗಿ 30 ದಿನ, ವಿಶೇಷ ಕಾರಣ ಇದ್ರೆ 60 ದಿನ. ಅಂದ್ರೆ ನೀವು ಹೇಳೋ ಎಐ ಜಡ್ಜು ಉಳಿಸೋದು ಈ 30-60 ದಿನಾನ ಮಾತ್ರ. ಮಿಕ್ಕಿದ್ದೆಲ್ಲ ಎರಡು ನಿಮಿಷದಲ್ಲಿ ತೀರ್ಪು ಕೊಡೋ ಮೆಷಿನ್ ಇದ್ರೂ ಹಾಗೇ ಇರುತ್ತೆ, ಆ ಮೆಷಿನ್ನೂ ಅದೇ ಸಮನ್ಸ್ ವಾಪಸ್ ಬರಲಿ ಅಂತ ಕಾಯ್ಕೊಂಡು ಕೂತಿರುತ್ತೆ. ರಾಗಿ ಇನ್ನೂ ಹೊಲದಲ್ಲೇ ಇದೆ, ತೂರೋಕೆ ಮಾತ್ರ ಮೆಷಿನ್ ಬಾಡಿಗೆಗೆ ತಂದ್ರು ಅನ್ನೋ ಹಾಗೆ.

ಇನ್ನೊಂದು ವಿಷ್ಯ ನಿಮ್ಮ ಮಗನ ಚಾಟ್‌ಜಿಪಿಟಿ ಹೇಳಿರಲ್ಲ. ಪಾಲಿನ ಕೇಸಲ್ಲಿ ತೀರ್ಪು ಬಂದ್ರೆ ಮುಗಿಯಲ್ಲ. ಮೊದ್ಲು ಬರೋದು ಪ್ರಿಲಿಮಿನರಿ ಡಿಕ್ರಿ, ಯಾರಿಗೆ ಎಷ್ಟು ಭಾಗ ಅಂತ ಅಷ್ಟೇ. ಯಾವ ತುಂಡು ಯಾರಿಗೆ, ಬೋರ್‌ವೆಲ್ ಯಾರ ಕಡೆ, ತೆಂಗಿನ ಸಾಲು ಯಾರ ಕಡೆ, ದಾರಿ ಎಲ್ಲಿ ಬಿಡಬೇಕು, ಇದಕ್ಕೆಲ್ಲ ಎಫ್‌ಡಿಪಿ ಅಂತ, ಅಂದ್ರೆ ಫೈನಲ್ ಡಿಕ್ರಿಗೆ, ಇನ್ನೊಂದು ಸುತ್ತು. ಅದಕ್ಕೆ ಸರ್ವೆ ಇಲಾಖೆಗೆ ಬರೀಬೇಕು, ಸರ್ವೇಯರ್ ಬರಬೇಕು, ಪಹಣಿ ಅಳತೆಗೂ ಸರ್ವೆ ದಾಖಲೆಯಾದ ಆಕಾರ್‌ಬಂದ್ ಅಳತೆಗೂ ತಾಳೆ ಆಗಬೇಕು, ನಮ್ಮ ಕಡೆ ಅದು ಎಷ್ಟು ಕಡೆ ತಾಳೆ ಆಗುತ್ತೆ ಅಂತ ನಿಮಗೇ ಗೊತ್ತು. ಪ್ರಿಲಿಮಿನರಿ ಡಿಕ್ರಿ ಆದ ತಕ್ಷಣ ಪಾರ್ಟಿಗಳು ಬೇರೆ ಅರ್ಜಿ ಹಾಕಲಿ ಅಂತ ಕಾಯದೆ ಕೋರ್ಟೇ ಕೇಸನ್ನ ಫೈನಲ್ ಡಿಕ್ರಿಗೆ ಇಟ್ಕೊಳ್ಳಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ, ಒಳ್ಳೇ ಮಾತು, ನನ್ನ ಕೇಳಿದ್ರೆ ಯಾವ ಎಐಗಿಂತ್ಲೂ ನಮ್ಮ ರೈತರಿಗೆ ಉಪಯೋಗದ ಮಾತು. ಆದ್ರೆ ಜಮೀನಿಗೆ ಇಳಿದು ಅಳೆಯೋನು ಬೇಕಲ್ಲ.

ಈಗ ಎಸ್ಟೋನಿಯಾ ಕಥೆ. 2019ರಲ್ಲಿ ಒಂದು ಪತ್ರಿಕೆಯಲ್ಲಿ ಬಂತು, 7,000 ಯೂರೋ ಒಳಗಿನ ಸಣ್ಣ ಹಣದ ಕೇಸುಗಳಿಗೆ ರೋಬೋ ಜಡ್ಜ್ ಮಾಡ್ತಿದಾರೆ ಅಂತ. ಅಲ್ಲಿಂದ ಪ್ರಪಂಚ ಪೂರ್ತಿ ಸುತ್ತಿ ವಾಟ್ಸಾಪಲ್ಲಿ ನಿಮ್ಮನೆಗೂ ಬಂದಿದೆ. 2022ರಲ್ಲಿ ಎಸ್ಟೋನಿಯಾ ನ್ಯಾಯ ಇಲಾಖೆನೇ ಅಂಥದ್ದೇನೂ ನಾವು ಮಾಡ್ತಿಲ್ಲ ಅಂತ ಸ್ಪಷ್ಟನೆ ಕೊಡ್ತು, ಅದು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ. ಚೀನಾದಲ್ಲಿ ಹಾಂಗ್‌ಝೌನಲ್ಲಿ 2017ರಿಂದ ಇಂಟರ್ನೆಟ್ ಕೋರ್ಟ್ ಇದೆ, ಆನ್‌ಲೈನ್ ಶಾಪಿಂಗ್ ಜಗಳ, ಕಾಪಿರೈಟ್ ಇಂಥವು ಅಲ್ಲಿ ಪೂರ್ತಿ ಆನ್‌ಲೈನೇ, ಎಐ ಬಳಕೆನೂ ಜೋರಾಗೇ ಇದೆ. ಆದ್ರೆ 2022ರ ಡಿಸೆಂಬರಲ್ಲಿ ಅವರ ಸುಪ್ರೀಂ ಕೋರ್ಟೇ ಹೇಳ್ತು, ಟೆಕ್ನಾಲಜಿ ಎಷ್ಟೇ ಮುಂದುವರಿದ್ರೂ ಎಐ ಜಡ್ಜ್ ಜಾಗದಲ್ಲಿ ಕೂತು ತೀರ್ಮಾನ ಮಾಡೋ ಹಾಗಿಲ್ಲ, ಅದು ಹೇಳೋದು ಜಡ್ಜ್‌ಗೆ ರೆಫರೆನ್ಸ್ ಅಷ್ಟೇ ಅಂತ. ಯುರೋಪ್‌ನವರು 2024ರ ಎಐ ಕಾಯ್ದೆಯಲ್ಲಿ ಜಡ್ಜ್‌ಗೆ ನೆರವಾಗೋ ಇಂಥ ಸಾಫ್ಟ್‌ವೇರ್‌ನ ಹೈ ರಿಸ್ಕ್ ಪಟ್ಟಿಗೆ ಹಾಕಿದಾರೆ.

ನಮ್ಮಲ್ಲೂ ಎಐ ಬಂದೇ ಇಲ್ಲ ಅಂತೇನಿಲ್ಲ. ತೀರ್ಪುಗಳನ್ನ ಕನ್ನಡ ಹಿಂದಿ ಮುಂತಾದ ಭಾಷೆಗೆ ತರೋಕೆ ಸುವಾಸ್ ಅನ್ನೋ ಸಾಫ್ಟ್‌ವೇರ್ 2019ರಿಂದ ಇದೆ, ದೊಡ್ಡ ಫೈಲ್‌ನ ಸಾರಾಂಶ ತೆಗೆಯೋಕೆ ಸುಪೇಸ್ ಅಂತ 2021ರಲ್ಲಿ ಮುಖ್ಯ ನ್ಯಾಯಮೂರ್ತಿ ಬೋಬ್ಡೆ ಅವರ ಕಾಲದಲ್ಲಿ ಬಂತು, ತೀರ್ಮಾನಕ್ಕೆ ಇದನ್ನ ಬಿಡಲ್ಲ ಅಂತ ಅವರು ಆಗ್ಲೇ ಹೇಳಿದ್ರು. 2023ರಿಂದ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ವಾದಗಳನ್ನ ಎಐ ಬರ್ಕೊಳ್ತಿದೆ. ಕೋರ್ಟುಗಳಿಗೆ ಕಂಪ್ಯೂಟರ್ ತರೋ ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ 2023ರಲ್ಲಿ ಕೇಂದ್ರ 7,210 ಕೋಟಿ ಒಪ್ಕೊಂಡಿದೆ, ಅದರಲ್ಲಿ ಎಐ ಮತ್ತೆ ಬ್ಲಾಕ್‌ಚೈನ್‌ಗೆ ಅಂತ ಇಟ್ಟಿರೋದು 53.57 ಕೋಟಿ, ಮಿಕ್ಕಿದ್ದು ಸ್ಕ್ಯಾನಿಂಗು, ಕಂಪ್ಯೂಟರು, ವಿಡಿಯೋ ಕಾನ್ಫರೆನ್ಸು ಇಂಥದಕ್ಕೆ. ಈ ಲೆಕ್ಕ ನೋಡಿ ಕೆಲವರು ಬೇಜಾರು ಮಾಡ್ಕೋತಾರೆ, ನನಗೆ ಸರಿ ಅನ್ಸುತ್ತೆ, ಹಳೇ ಫೈಲ್ ಸ್ಕ್ಯಾನೇ ಆಗಿಲ್ಲ ಅಂದ್ರೆ ಎಐ ಓದೋದಾದ್ರೂ ಏನನ್ನ? ಪಾವಗಡ, ಬಾಗೇಪಲ್ಲಿ ಕಡೆ ಸಾಕ್ಷಿಗಳು ಕನ್ನಡದಲ್ಲಿ ಶುರು ಮಾಡಿ ತೆಲುಗಲ್ಲಿ ಮುಗಿಸ್ತಾರೆ, ಅದನ್ನ ಸರಿಯಾಗಿ ಕೇಳಿಸ್ಕೊಂಡು ಬರೆಯೋ ಮೆಷಿನ್ ಬಂದ ದಿನ ನಾನೇ ಮೊದ್ಲು ಚಪ್ಪಾಳೆ ಹೊಡೀತೀನಿ.

ಸರಿ, ನಿಮ್ಮ 'ಅರ್ಧ'ದ ವಿಷ್ಯಕ್ಕೆ ಬರ್ತೀನಿ, ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. 4 ಎಕ್ರೆ 20 ಗುಂಟೆ ಅಂದ್ರೆ 180 ಗುಂಟೆ. ಚಾಟ್‌ಜಿಪಿಟಿ ನಿಮಗೆ 90 ಗುಂಟೆ ಅಂತು. ಯಾಕಂದ್ರೆ ಅದು ನೋಡಿದ್ದು ನೀವು ಹಾಕಿದ ದಾವೆ ಪ್ರತಿನ ಮಾತ್ರ, ಅದರಲ್ಲಿ ಅಕ್ಕಂದಿರು ಹಕ್ಕು ಬಿಟ್ಟಾಗಿದೆ ಅನ್ನೋ ಧಾಟಿಯಲ್ಲೇ ಬರೆದಿರಬೇಕು. ಈಗ ಮಗನಿಗೆ ಹೇಳಿ, ಹೊಸ ಚಾಟ್ ತೆಗೆದು ನಾನು ಆ ಮನೆ ಸಣ್ಣ ಮಗಳು, ನನಗೆ ಗೊತ್ತಿಲ್ಲದೆ ಹೆಬ್ಬೆಟ್ಟು ಒತ್ತಿಸ್ಕೊಂಡಿದಾರೆ ಅಂತ ಟೈಪ್ ಮಾಡಿ ಕೇಳಲಿ. ನಿಮಗೆ ಕೊಟ್ಟ ಧೈರ್ಯನೇ ನಿಮ್ಮ ಅಕ್ಕನಿಗೂ ಕೊಡುತ್ತೆ. ಕೇಳಿದೋರ ಮನಸ್ಸಿಗೆ ಹಿತ ಆಗೋ ಹಾಗೆ ಉತ್ತರ ಕೊಡೋ ಚಾಳಿ ಈ ಚಾಟ್‌ಬಾಟ್‌ಗಳಿಗಿದೆ. ಕೋರ್ಟಲ್ಲಿ ಎರಡು ಕಡೆಯೋರೂ ಎದುರುಬದುರು ನಿಂತು ಒಬ್ಬರ ಮಾತನ್ನ ಇನ್ನೊಬ್ಬರು ಪರೀಕ್ಷೆ ಮಾಡ್ತಾರೆ, ಅದೇ ಅಲ್ಲಿನ ಅರ್ಧ ಕೆಲಸ.

ಇನ್ನು ಕಾನೂನಿನ ಲೆಕ್ಕ. ಖುಲಾಸೆ ಪತ್ರ ಬಿದ್ದೋಯ್ತು ಅಂತ ಇಟ್ಕೊಳ್ಳಿ. ನಮ್ಮ ರಾಜ್ಯದಲ್ಲಿ 1994ರಲ್ಲಿ ಬಂದ ತಿದ್ದುಪಡಿ ಆಗ ಮದ್ವೆ ಆಗದೆ ಇದ್ದ ಹೆಣ್ಮಕ್ಕಳಿಗೆ ಮಾತ್ರ, ಹಾಗಾಗಿ ನಿಮ್ಮಕ್ಕಂದಿರಿಗೆ ಅದು ಸಿಗಲ್ಲ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು, ಹೆಣ್ಮಕ್ಕಳಿಗೂ ಹುಟ್ಟಿನಿಂದ್ಲೇ ಗಂಡ್ಮಕ್ಕಳ ಸಮ ಹಕ್ಕು. ಆದ್ರೆ 2015ರಲ್ಲಿ ಫೂಲವತಿ ಕೇಸಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ಜಡ್ಜ್‌ಗಳು 2005ರ ಸೆಪ್ಟೆಂಬರ್ 9ಕ್ಕೆ ತಂದೆ ಬದುಕಿರಬೇಕು ಅಂದ್ರು. ನಿಮ್ಮ ತಂದೆ 2001ರಲ್ಲೇ ಹೋದ್ರಲ್ಲ, ಆ ಲೆಕ್ಕದಲ್ಲಿ ತಂದೆ ನೀವು ಅಣ್ಣ ಮೂರು ಪಾಲು ಮಾಡಿ ತಂದೆ ಪಾಲನ್ನ ನಾಲ್ಕು ಮಕ್ಕಳಿಗೆ ಹಂಚಿದ್ರೆ ನಿಮಗೆ 75 ಗುಂಟೆ, ಅಣ್ಣಂಗೆ 75, ಅಕ್ಕಂದಿರಿಗೆ ತಲಾ 15. ನೀವು ದಾವೆ ಹಾಕಿದ 2016ರಲ್ಲಿ ಇದೇ ಕಾನೂನು. 2018ರಲ್ಲಿ ದಾನಮ್ಮ ಕೇಸಲ್ಲಿ, ಅದೂ ನಮ್ಮ ಕರ್ನಾಟಕದ್ದೇ, ಇನ್ನಿಬ್ಬರು ಜಡ್ಜ್‌ಗಳು ಬೇರೆ ರೀತಿ ಹೇಳಿದ್ರು, ತಂದೆ 2001ರಲ್ಲಿ ತೀರ್ಕೊಂಡಿದ್ರೂ ಹೆಣ್ಮಕ್ಕಳಿಗೆ ಸಮ ಪಾಲು ಕೊಟ್ರು. ಎರಡೂ ಸುಪ್ರೀಂ ಕೋರ್ಟೇ, ಕೆಳಗಿನ ಕೋರ್ಟ್‌ಗಳು ಯಾವುದನ್ನ ಹಿಡಿಯೋದು? ಕೊನೆಗೆ 2020ರ ಆಗಸ್ಟ್ 11ಕ್ಕೆ ವಿನೀತಾ ಶರ್ಮಾ ಕೇಸಲ್ಲಿ ಮೂವರು ಜಡ್ಜ್‌ಗಳ ಪೀಠ ತಂದೆ ಬದುಕಿರಬೇಕಿಲ್ಲ ಅಂತ ಇತ್ಯರ್ಥ ಮಾಡ್ತು. ಈಗ ನಾಲ್ಕು ಜನಕ್ಕೂ ತಲಾ 45 ಗುಂಟೆ, ದೊಡ್ಡಕ್ಕನ ಪಾಲು ಅವರ ಮಕ್ಕಳಿಗೆ. ಒಂದೇ ಜಮೀನು, ಒಂದೇ ದಾವೆ, ನಾಲ್ಕು ವರ್ಷದಲ್ಲಿ ನಿಮ್ಮ ಪಾಲು 75ರಿಂದ 45ಕ್ಕೆ ಬಂತು.

ಇದನ್ನ ಯಾಕೆ ಇಷ್ಟು ಎಳೆದೆ ಅಂದ್ರೆ, ಎಐ ಕಲಿಯೋದು ಹಳೇ ತೀರ್ಪುಗಳನ್ನ ಓದಿ. 2019ರಲ್ಲಿ ಒಂದು ಎಐ ಜಡ್ಜ್ ಮಾಡಿ ನಮ್ಮ ಜಿಲ್ಲೆಗಳಲ್ಲಿ ಕೂರಿಸಿದ್ರೆ ಅದು ಓದಿರೋ ತೀರ್ಪುಗಳಲ್ಲಿ ಬಹುಪಾಲು ಹೆಣ್ಮಕ್ಕಳಿಗೆ ಕಮ್ಮಿ ಪಾಲು ಕೊಟ್ಟವೇ ಇರ್ತಿದ್ವು, ಅದು ಶ್ರದ್ಧೆಯಿಂದ ಅದನ್ನೇ ಮುಂದುವರಿಸ್ತಿತ್ತು, ಜಾತಿ ಇಲ್ಲ ಲಂಚ ಇಲ್ಲ ನಿಜ, ಆದ್ರೂ ಸಾವಿರಾರು ಅಕ್ಕತಂಗಿಯರಿಗೆ ಅದೇ 15 ಗುಂಟೆ. ಕಾನೂನು ತಿರುಗಿದ್ದು ಹಳೇ ತೀರ್ಪು ತಪ್ಪು ಅಂತ ಯಾರೋ ಒಬ್ಬರು ಹಟ ಹಿಡಿದು ವಾದ ಮಾಡಿ, ಯಾರೋ ಅದನ್ನ ಒಪ್ಪಿದ್ರಿಂದ. ಮನುಷ್ಯ ಜಡ್ಜ್‌ಗಳೂ ಆಗ ಫೂಲವತಿನೇ ಹಿಡಿದಿದ್ರಲ್ಲ ಅಂತ ನೀವು ಕೇಳಬಹುದು. ಹೌದು, ಹಿಡಿದಿದ್ರು. ಆದ್ರೆ ಅವರ ತೀರ್ಪಲ್ಲಿ ಕಾರಣ ಬರೆದಿರುತ್ತೆ, ಆ ಕಾರಣಾನ ಹಿಡ್ಕೊಂಡೇ ಅಪೀಲು ಹೋಗೋಕಾಗೋದು.

ಕಾರಣ ಅಂದೆನಲ್ಲ, ಇಲ್ಲೇ ದೊಡ್ಡ ತೊಡಕಿರೋದು. ತೀರ್ಪಲ್ಲಿ ವಿವಾದದ ಅಂಶ ಏನು, ನಿರ್ಧಾರ ಏನು, ಯಾಕೆ ಅಂತ ಇರಲೇಬೇಕು ಅಂತ ಸಿಪಿಸಿ ಆರ್ಡರ್ 20 ಹೇಳುತ್ತೆ. ಚಾಟ್‌ಜಿಪಿಟಿನೂ ಕಾರಣ ಬರೆಯುತ್ತೆ, ಬಹಳ ಚೆನ್ನಾಗೇ ಬರೆಯುತ್ತೆ, ಆದ್ರೆ ಅದು ಮುಂದಿನ ಪದ ಯಾವುದು ಬರಬಹುದು ಅಂತ ಅಂದಾಜು ಮಾಡ್ತಾ ಹೋಗೋ ಮೆಷಿನ್ನು, ಬೇಕಾದ ತೀರ್ಪು ಸಿಗದಿದ್ರೆ ನಿಜದ್ದೇ ಅನ್ನೋ ಹಾಗೆ ಕಾಣೋದನ್ನ ಹುಟ್ಟಿಸಿಬಿಡುತ್ತೆ. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ಏವಿಯಾಂಕಾ ವಿಮಾನ ಕಂಪನಿ ಕೇಸಲ್ಲಿ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ ಸುಳ್ಳು ತೀರ್ಪುಗಳನ್ನ ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಿದ್ರು. ಅದು ದೂರದ್ದು ಅನ್ಬೇಡಿ. 2024ರ ಡಿಸೆಂಬರಲ್ಲಿ ಬೆಂಗಳೂರಿನ ಇನ್‌ಕಮ್ ಟ್ಯಾಕ್ಸ್ ಟ್ರಿಬ್ಯೂನಲ್ ಒಂದು ಆದೇಶ ಕೊಟ್ಟು, ಅದರಲ್ಲಿ ಹೆಸರಿಸಿದ್ದ ತೀರ್ಪುಗಳು ಅಸ್ತಿತ್ವದಲ್ಲೇ ಇಲ್ಲ ಅಂತ ಗೊತ್ತಾಗಿ ಕೆಲವೇ ದಿನದಲ್ಲಿ ವಾಪಸ್ ತಗೊಳ್ತು. ಬೆಂಗಳೂರಿನ ಸಿವಿಲ್ ಕೋರ್ಟೊಂದರ ಆದೇಶದಲ್ಲಿ ಎಲ್ಲೂ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳು ಕಾಣಿಸ್ಕೊಂಡು 2025ರ ಮಾರ್ಚಲ್ಲಿ ನಮ್ಮ ಹೈಕೋರ್ಟೇ ವಿಚಾರಣೆ ಆಗಬೇಕು ಅಂತು. ಅಮೆರಿಕದಲ್ಲೂ ಅದೇ ವರ್ಷ ಇಬ್ಬರು ಫೆಡರಲ್ ಜಡ್ಜ್‌ಗಳು, ತಮ್ಮ ಆಫೀಸಿನೋರು ಎಐ ಬಳಸಿ ತಪ್ಪು ಬರೆದಿದ್ರಿಂದ, ಆದೇಶ ಹಿಂದಕ್ಕೆ ತಗೋಬೇಕಾಯ್ತು. ಮನುಷ್ಯ ಸಹಿ ಮಾಡೋ ಕಡೆನೇ ಹಿಂಗಾದ್ರೆ ಸಹಿ ಮಾಡೋನೇ ಇಲ್ಲದಿದ್ರೆ?

ಪ್ರಿಂಟ್‌ಔಟ್ ಯಾಕೆ ಕೊಡಬೇಡಿ ಅಂದೆ ಅಂತ ಈಗ ಗೊತ್ತಾಯ್ತಲ್ಲ. ಅದು ಸಾಕ್ಷ್ಯಾನೂ ಅಲ್ಲ, ಕಾನೂನೂ ಅಲ್ಲ, ಅದರಲ್ಲಿ ಒಂದು ಸುಳ್ಳು ತೀರ್ಪು ಇದ್ರೆ ನಿಮ್ಮ ವಕೀಲರ ಮಾನ ಹೋಗುತ್ತೆ.

ಮೆಷಿನ್ ಕಾರಣ ಹೇಳದೇ ಹೋದ್ರೆ ಏನಾಗುತ್ತೆ ಅನ್ನೋಕೆ ಲೂಮಿಸ್ ಅನ್ನೋನ ಕೇಸೊಂದಿದೆ, ಅಮೆರಿಕದ ವಿಸ್ಕಾನ್ಸಿನ್‌ದು. ಇವನು ಮತ್ತೆ ಅಪರಾಧ ಮಾಡ್ತಾನಾ ಅಂತ ಅಂಕ ಕೊಡೋ ಕಾಂಪಾಸ್ ಅನ್ನೋ ಸಾಫ್ಟ್‌ವೇರು ಇವನಿಗೆ ಜಾಸ್ತಿ ಅಂಕ ಕೊಡ್ತು, ಶಿಕ್ಷೆ ಹಾಕುವಾಗ ಜಡ್ಜ್ ಅದನ್ನೂ ಲೆಕ್ಕಕ್ಕೆ ತಗೊಂಡ್ರು, ಆರು ವರ್ಷ ಜೈಲಾಯ್ತು. ಅಂಕ ಹೆಂಗೆ ಹಾಕಿದ್ರಿ ತೋರಿಸಿ ಅಂತ ಇವನು ಕೇಳಿದ್ರೆ, ಅದು ಕಂಪನಿ ವ್ಯಾಪಾರದ ಗುಟ್ಟು. 2016ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಶಿಕ್ಷೆ ಎತ್ತಿಹಿಡೀತು, ಆದ್ರೆ ಅಂಕ ಒಂದರ ಮೇಲೇ ನಿರ್ಧಾರ ಮಾಡಬೇಡಿ ಅಂತ ಎಚ್ಚರಿಕೆನೂ ಸೇರಿಸ್ತು. ಅದೇ ವರ್ಷ ಪ್ರೊಪಬ್ಲಿಕಾ ಅನ್ನೋ ಪತ್ರಕರ್ತರ ಸಂಸ್ಥೆ ಫ್ಲೋರಿಡಾದ ಒಂದು ಕೌಂಟಿಯ ಲೆಕ್ಕ ತೆಗೆದು ನೋಡಿದ್ರೆ, ಆಮೇಲೆ ತಪ್ಪೇ ಮಾಡದವರಲ್ಲೂ ಕರಿಯರನ್ನ ಬಿಳಿಯರಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಸಲ ಅಪಾಯದವರು ಅಂತ ಕಾಂಪಾಸ್ ಗುರುತು ಹಾಕಿತ್ತು. ಕಂಪನಿಯೋರು ಒಪ್ಪಲಿಲ್ಲ, ನಮ್ಮ ಅಳತೆಗೋಲೇ ಬೇರೆ ಅಂದ್ರು. ಜಾತಿ ಇಲ್ಲ ಅಂದ್ರಲ್ಲ ನೀವು, ಮೆಷಿನ್‌ಗೆ ಜಾತಿ ಕೇಳದೇನೇ ಊರು, ಕೇರಿ, ಪೊಲೀಸ್ ರೆಕಾರ್ಡ್ ಇವುಗಳಿಂದ್ಲೇ ಅದು ಒಳಗೆ ಬಂದ್ಬಿಡುತ್ತೆ. ಲಂಚದ ಮಾತೂ ಅಷ್ಟೇ, ಮೆಷಿನ್ ದುಡ್ಡು ಮುಟ್ಟಲ್ಲ ಸರಿ, ಮೆಷಿನ್‌ಗೆ ಹೋಗೋ ಪಹಣಿನ ಯಾರು ತಿದ್ದಿದ್ರು, ಸ್ಕ್ಯಾನ್ ಮಾಡುವಾಗ ಯಾವ ಹಾಳೆ ಬಿಟ್ರು? ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂದಾಗ ಶಾನುಭೋಗರ ಕೈಚಳಕ ಕಮ್ಮಿ ಆಯ್ತು ಅನ್ನೋದು ನಿಜ, ಅದನ್ನ ನಾನು ಯಾವತ್ತೂ ಒಪ್ತೀನಿ, ಆದ್ರೆ ಹಳೇ ತಪ್ಪೆಲ್ಲ ಹಾಗಾಗೇ ಒಳಗೆ ಹೋಗಿ ಕೂತ್ವು. ಅದರ ಮೇಲೆ ಪಹಣಿಯಲ್ಲಿರೋದು ಸುಳ್ಳು ಅಂತ ಸಾಬೀತಾಗೋವರೆಗೂ ನಿಜ ಅಂತ್ಲೇ ಭಾವಿಸಬೇಕು ಅಂತ ನಮ್ಮ ಭೂ ಕಂದಾಯ ಕಾಯ್ದೆ 133ನೇ ಕಲಂ ಹೇಳುತ್ತೆ. ನಿಮ್ಮ ಪಹಣಿಯಲ್ಲಿ ಅಣ್ಣನ ಹೆಸರೊಂದೇ ಇದೆ, ಮೆಷಿನ್ ಮುಂದೆ ಮೊದಲನೇ ಏಟು ನಿಮಗೇ.

ಖುಲಾಸೆ ಪತ್ರಕ್ಕೆ ಬರ್ತೀನಿ, ನಿಮ್ಮ ಕೇಸಿನ ಜೀವ ಅದರಲ್ಲೇ ಇದೆ. ಕಾಗದದ ಮೇಲೆ ಎಲ್ಲ ಸರಿ ಇರುತ್ತೆ, ಸ್ಟ್ಯಾಂಪು, ರಿಜಿಸ್ಟ್ರೇಷನ್ನು, ಹೆಬ್ಬೆಟ್ಟು, ಇಬ್ಬರು ಸಾಕ್ಷಿ, ಕೊನೆಗೆ ಬಿಕ್ಕಲಂ, ಅಂದ್ರೆ ಪತ್ರ ಬರೆದವನ, ಹೆಸರು. ಕಾಗದ ಓದೋ ಮೆಷಿನ್‌ಗೆ ಅದು ಒಳ್ಳೇ ಪತ್ರ. ಜಡ್ಜ್‌ಗೆ ಒಂದು ಅಧಿಕಾರ ಇದೆ, ಮೊದ್ಲು ಸಾಕ್ಷ್ಯ ಕಾಯ್ದೆ 165ನೇ ಕಲಂ ಇತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 168, ಯಾವ ಸಾಕ್ಷಿಗೆ ಬೇಕಾದ್ರೂ ಯಾವ ಪ್ರಶ್ನೆ ಬೇಕಾದ್ರೂ ತಾವೇ ಕೇಳಬಹುದು. ಅಮ್ಮಾ, ಅವತ್ತು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಯಾರ ಜೊತೆ ಹೋಗಿದ್ರಿ, ಯಾಕೆ ಅಂತ ಹೇಳಿ ಕರ್ಕೊಂಡು ಹೋದ್ರು, ದುಡ್ಡು ಎಣಿಸ್ಕೊಂಡಿದ್ದು ಎಲ್ಲಿ, ಪತ್ರ ಓದಿ ಹೇಳಿದ್ರಾ. ಸಾಲದ ಪೇಪರ್ ಅಂದ್ರು, ಖಾತೆಗೆ ಸಹಿ ಅಂದ್ರು ಅಂತ ಎಷ್ಟೋ ಕೇಸಲ್ಲಿ ಈ ಒಂದೆರಡು ಪ್ರಶ್ನೆಗೇ ಹೊರಗೆ ಬರುತ್ತೆ. ಫೈಲಲ್ಲಿ ಇಲ್ಲದ್ದನ್ನ ಕೇಳಬೇಕು ಅಂತ ಅನ್ನಿಸಬೇಕಲ್ಲ, ಅದಕ್ಕೆ ಊರುಮನೆಗಳಲ್ಲಿ ಅಣ್ಣತಮ್ಮಂದಿರು ಹೆಂಗಿರ್ತಾರೆ ಅನ್ನೋದು ಗೊತ್ತಿರಬೇಕು.

ಆದ್ರೆ ನಮ್ಮ ವಕೀಲರು ಸಾಕ್ಷಿ ಮುಖ ನೋಡೇ ಜಡ್ಜ್ ಸತ್ಯ ಹಿಡೀತಾರೆ, ಮೆಷಿನ್‌ಗೆ ಆಗಲ್ಲ ಅಂತ ಭಾಷಣ ಬಿಡ್ತಾರಲ್ಲ, ಅದು ಅರ್ಧ ಪೊಳ್ಳು. ಸಾಕ್ಷಿ ನಡವಳಿಕೆ ಬಗ್ಗೆ ಟಿಪ್ಪಣಿ ಬರ್ಕೋಬಹುದು ಅಂತ ಸಿಪಿಸಿ ಆರ್ಡರ್ 18ರಲ್ಲಿದೆ, ಬರೆಯೋದು ಅಪರೂಪ. ಅದಕ್ಕಿಂತ ಹೆಚ್ಚಾಗಿ, ಸಾಕ್ಷಿ ಕೇಳಿದ ಜಡ್ಜ್ ವರ್ಗ ಆಗಿ ಹೋಗಿ, ತೀರ್ಪು ಬರೆಯೋರು ಮೂರನೇ ಜಡ್ಜ್ ಆಗಿರ್ತಾರೆ, ಅವರು ಮುಖ ನೋಡಿರಲ್ಲ, ಟೈಪ್ ಆದ ಹೇಳಿಕೆ ಓದ್ತಾರೆ ಅಷ್ಟೇ. ಆ ಹಂತದಲ್ಲಿ ಮನುಷ್ಯನಿಗೂ ಮೆಷಿನ್‌ಗೂ ಇರೋ ಅಂತರ ನಾವು ಹೇಳ್ಕೊಳ್ಳೋಷ್ಟು ದೊಡ್ಡದಲ್ಲ. ಸಾಕ್ಷ್ಯದ ವಿಡಿಯೋ ಇಡೋದು, ಕೇಳಿದವರೇ ತೀರ್ಪು ಬರೆಯೋ ಹಾಗೆ ವರ್ಗಾವಣೆ ಹೊಂದಿಸೋದು, ಜಡ್ಜ್‌ಗಳ ಸಂಖ್ಯೆ ಏರಿಸೋದು, ಇಷ್ಟು ಮಾಡದೆ ಬರೀ ಮನುಷ್ಯತ್ವದ ಮಾತಾಡಿದ್ರೆ ಜನ ಮೆಷಿನ್ ಕಡೆನೇ ಹೋಗ್ತಾರೆ, ಅವರದ್ದು ತಪ್ಪೂ ಅಲ್ಲ. ಹತ್ತು ಲಕ್ಷ ಜನಕ್ಕೆ 50 ಜಡ್ಜ್ ಬೇಕು ಅಂತ ಲಾ ಕಮಿಷನ್ 1987ರಲ್ಲೇ ಬರೆದಿತ್ತು, ಈಗ ಮಂಜೂರಾಗಿರೋದೇ 21ರ ಆಸುಪಾಸು, ಅದರಲ್ಲೂ ಖಾಲಿ ಇರೋವೆಷ್ಟೋ.

ಮೆಷಿನ್‌ಗೆ ಬಿಡಬಹುದಾದ ಕೆಲಸನೂ ಇದೆ. ಆಕ್ಸಿಡೆಂಟ್ ಪರಿಹಾರದ ಕೇಸುಗಳಲ್ಲಿ ಸೂತ್ರ ಸುಪ್ರೀಂ ಕೋರ್ಟೇ ಕೊಟ್ಟಿದೆ, 2009ರ ಸರಳಾ ವರ್ಮಾ, 2017ರ ಪ್ರಣಯ್ ಸೇಠಿ. ಕೋಲಾರದ ಎಪಿಎಂಸಿಯಲ್ಲಿ ಟೊಮೇಟೊ ಬಾಕ್ಸ್ ಹೊರೋ 32 ವರ್ಷದ ಹಮಾಲಿ ಸತ್ತ ಅಂತ ಇಟ್ಕೊಳ್ಳಿ, ಹೆಂಡ್ತಿ ಇಬ್ಬರು ಮಕ್ಕಳು ತಾಯಿ ಇದಾರೆ. ತಿಂಗಳ ಆದಾಯಕ್ಕೆ ಶೇ. 40 ಸೇರಿಸಿ, ಸ್ವಂತ ಖರ್ಚಿಗೆ ನಾಲ್ಕನೇ ಒಂದು ಕಳೆದು, 12ರಿಂದ ಗುಣಿಸಿ, ಆ ವಯಸ್ಸಿನ ಮಲ್ಟಿಪ್ಲೈಯರ್ 16ರಿಂದ ಗುಣಿಸಿದ್ರೆ ಆಯ್ತು. ಇದಕ್ಕೆ ಎಐನೂ ಬೇಡ, ಎಕ್ಸೆಲ್ ಸಾಕು. ಆದ್ರೆ ಅವನ ಆದಾಯ ತಿಂಗಳಿಗೆ 12,000 ಅಂತ ಹಿಡಿದ್ರೆ 24,19,200 ರೂಪಾಯಿ, 15,000 ಅಂದ್ರೆ 30,24,000. ಆರು ಲಕ್ಷದ ವ್ಯತ್ಯಾಸ, ಹಮಾಲಿಗೆ ಸ್ಯಾಲರಿ ಸ್ಲಿಪ್ ಎಲ್ಲಿಂದ ಬರಬೇಕು? ಗುಣಾಕಾರ ಮೆಷಿನ್ ಮಾಡಲಿ, ಆ 15,000 ನಂಬೋದಾ ಬಿಡೋದಾ ಅಂತ ಯಾರೋ ಒಬ್ಬರು ತಮ್ಮ ಹೆಸರು ಹಾಕಿ ಹೇಳಬೇಕು. ಟ್ರಾಫಿಕ್ ದಂಡದಂಥವು ಮೆಷಿನ್ನೇ ಮಾಡಿ, ಒಪ್ಪದವರು ಜಡ್ಜ್ ಹತ್ರ ಹೋಗೋ ಹಾಗಿದ್ರೂ ನನ್ನದೇನೂ ತಕರಾರಿಲ್ಲ.

ಕಾನೂನಿನ ಅಡ್ಡಿನೂ ಒಂದು ಮಾತಲ್ಲಿ ಹೇಳ್ತೀನಿ. ವಕೀಲರಲ್ಲಿಂದ ನೇರ ಜಿಲ್ಲಾ ಜಡ್ಜ್ ಆಗಬೇಕಂದ್ರೆ ಕನಿಷ್ಠ ಏಳು ವರ್ಷ ವಕೀಲಿಕೆ ಮಾಡಿದ ವ್ಯಕ್ತಿ ಆಗಿರಬೇಕು ಅಂತ ಸಂವಿಧಾನದ 233ನೇ ವಿಧಿ ಹೇಳುತ್ತೆ, ಕೆಳಗಿನ ಕೋರ್ಟ್‌ಗಳ ಮೇಲೆ ಹಿಡಿತ 235ರಲ್ಲಿ ಹೈಕೋರ್ಟಿಗಿದೆ, ತಪ್ಪು ಮಾಡಿದ ಜಡ್ಜ್ ಮೇಲೆ ಕ್ರಮ ತಗೋಬಹುದು. ಸಾಫ್ಟ್‌ವೇರ್‌ನ ಸಸ್ಪೆಂಡ್ ಮಾಡಿ ಏನು ಮಾಡ್ತೀರಿ? ಕೇರಳ ಹೈಕೋರ್ಟ್ 2025ರ ಜುಲೈಯಲ್ಲಿ ತನ್ನ ಕೆಳಗಿನ ಕೋರ್ಟ್‌ಗಳಿಗೆ ಲಿಖಿತ ನೀತಿನೇ ಮಾಡಿದೆ, ತೀರ್ಮಾನಕ್ಕೆ, ಆದೇಶಕ್ಕೆ ಎಐ ಮುಟ್ಟಬೇಡಿ, ಬೇರೆ ಕೆಲಸಕ್ಕೆ ಬಳಸಿದ್ರೂ ಒಪ್ಪಿಗೆ ಇರೋ ಟೂಲ್ ಬಳಸಿ ಮನುಷ್ಯರೇ ಚೆಕ್ ಮಾಡಿ ಅಂತ.

ಇನ್ನು ನೀವು ಏನು ಮಾಡಬೇಕು. ಮಗನಿಗೆ ಇ-ಕೋರ್ಟ್ಸ್ ಆಪ್ ಹಾಕ್ಕೊಡೋಕೆ ಹೇಳಿ, ನಿಮ್ಮ ಸಿಎನ್‌ಆರ್ ನಂಬರ್, ಅಂದ್ರೆ ಕೇಸಿನ ಗುರುತಿನ ನಂಬರ್, ಹಾಕಿದ್ರೆ ಇಲ್ಲೀವರೆಗೆ ಯಾವ ವಾಯ್ದೆ ಯಾವುದಕ್ಕೆ ಹೋಯ್ತು ಅಂತ ಪೂರ್ತಿ ಬರುತ್ತೆ. ಸಮನ್ಸ್‌ಗೆ ಎಷ್ಟು, ಎಲ್‌ಆರ್‌ಗೆ ಎಷ್ಟು, ನಿಮ್ಮ ಕಡೆಯಿಂದ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ವಕೀಲರ ಮುಂದಿಡಿ, ಅದೇ ನಿಜವಾದ ಎಐ ಕೆಲಸ, ಮಗ ಸಾಫ್ಟ್‌ವೇರ್‌ನಲ್ಲಿದಾನಲ್ಲ ಚೆನ್ನಾಗಿ ಮಾಡ್ತಾನೆ. ದೊಡ್ಡಕ್ಕನ ಎಲ್‌ಆರ್ ರೆಕಾರ್ಡಿಗೆ ಬಂದಿದಾರಾ ಮೊದ್ಲು ನೋಡಿ, ಅದು ಬಿಟ್ಟಿದ್ರೆ ಮಿಕ್ಕಿದ್ದೆಲ್ಲ ವ್ಯರ್ಥ. ಖುಲಾಸೆ ಪತ್ರದ ದೃಢೀಕೃತ ನಕಲು ತೆಗೀರಿ, ಅದು ನಿಮ್ಮಿಬ್ಬರ ಪರವಾಗಿ ಇದೆಯೋ ಅಣ್ಣನೊಬ್ಬನ ಪರವಾಗಿ ಇದೆಯೋ ನೀವು ಬರೆದಿಲ್ಲ. ಇಬ್ಬರ ಪರ ಇದ್ರೆ ಪತ್ರ ನಿಂತಷ್ಟೂ ನಿಮಗೆ 90, ಬಿದ್ರೆ 45. ಅಣ್ಣನೊಬ್ಬನ ಪರ ಇದ್ರೆ ಅಕ್ಕಂದಿರ ಪಾಲು ನಿಮಗೆ ಬರೋ ಮಾತು ಕಷ್ಟ, ಪತ್ರ ನಿಂತ್ರೂ ಬಿದ್ರೂ ನಿಮಗೆ 45ರ ಹತ್ರಾನೇ, ಹಾಗಿದ್ಮೇಲೆ ಅಕ್ಕಂದಿರ ಜೊತೆ ಯಾಕೆ ಜಗಳ? ಎಲ್ಲರಿಗೂ ಸಮ ಅಂತ ನೀವೇ ಒಪ್ಕೊಂಡ್ರೆ ಕೇಸಿನ ಅರ್ಧ ಭಾರ ಇಳಿಯುತ್ತೆ, ಸಿಪಿಸಿ 89ನೇ ಕಲಂ ಪ್ರಕಾರ ಮೀಡಿಯೇಷನ್‌ಗೆ ಕಳಿಸಿ ಅಂತ ಕೇಳಬಹುದು, ಲೋಕ ಅದಾಲತ್‌ನಲ್ಲಿ ರಾಜಿ ಆದ್ರೆ ಕೋರ್ಟ್ ಫೀಸು ವಾಪಸ್ಸು, ಮೇಲೆ ಅಪೀಲೂ ಇಲ್ಲ.

ರಾಜಿ ಆಗಲ್ಲ ಅಂದ್ರೆ ಒಂದು ಕೆಲಸ ಮಾತ್ರ ತಡ ಮಾಡಬೇಡಿ. ಸಣ್ಣಕ್ಕನಿಗೆ ವಯಸ್ಸಾಗಿರುತ್ತೆ, 2006ರ ಆ ದಿನ ಏನಾಯ್ತು ಅಂತ ಹೇಳೋಕೆ ಉಳಿದಿರೋರು ಅವರು, ಪತ್ರದ ಸಾಕ್ಷಿಗಳು, ಬಿಕ್ಕಲಂ ಇವರಷ್ಟೇ. ಸರಿಯಾದ ಕಾರಣ ತೋರಿಸಿದ್ರೆ ಒಬ್ಬ ಸಾಕ್ಷಿ ಹೇಳಿಕೆನ ಸರದಿ ಕಾಯದೆ ಮುಂಚೆನೇ ತಗೊಳ್ಳೋಕೆ ಆರ್ಡರ್ 18 ರೂಲ್ 16ರಲ್ಲಿ ಅವಕಾಶ ಇದೆ, ಕೋರ್ಟಿಗೆ ಬರೋಕಾಗದಷ್ಟು ಕಾಯಿಲೆ ಇದ್ರೆ ಆರ್ಡರ್ 26ರಲ್ಲಿ ಕಮಿಷನರ್ ಹಾಕ್ಸಿ ಮನೇಲೇ ತಗೋಬಹುದು. ಮುಂದಿನ ವಾಯ್ದೆಗೆ ಮುಂಚೆ ಆ ಅರ್ಜಿ ರೆಡಿ ಮಾಡ್ಸಿ, ಡಾಕ್ಟರ್ ಸರ್ಟಿಫಿಕೇಟ್ ಇದ್ರೆ ಅದನ್ನೂ ಜೊತೆಗಿಡಿ.